ಎದೆ ಭಾರವಿರುವವರ ಓಟ: ಅಳತೆಯಿಂದ ಒಗೆತದವರೆಗೆ

ಓಡಬೇಕು ಅಂತ ಹೊರಟವರು ಮೊದಲು ಶೂ ಕೊಳ್ಳುತ್ತಾರೆ. ಎದೆ ದೊಡ್ಡದಿರುವವರಿಗೆ ನಾನು ಹೇಳುವುದು ಬೇರೆ: ಆ ದುಡ್ಡನ್ನು ಮೊದಲು ಬ್ರಾಗೆ ಹಾಕಿ. ಹಳೇ ಶೂನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮಣ್ಣಿನ ಹಾದಿಯ ಮೇಲೆ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಬಿಡಬಹುದು. ಸಡಿಲ ಬ್ರಾ ತೊಟ್ಟು ಇನ್ನೂರು ಮೀಟರ್ ದಾಟುವಷ್ಟರಲ್ಲಿ ಎದೆ ಜಗ್ಗಿ, ಭುಜ ಉರಿದು, ಕೈಗಳು ತಾವಾಗಿಯೇ ಎದೆಯನ್ನು ಒತ್ತಿ ಹಿಡಿದುಕೊಂಡಿರುತ್ತವೆ. ಎಷ್ಟೋ ಜನ ಅಲ್ಲಿಗೇ ಓಟ ಬಿಟ್ಟು, ‘ನನ್ನ ಮೈಗೆ ಇದು ಆಗಿಬರಲ್ಲ’ ಅಂದುಕೊಳ್ಳುತ್ತಾರೆ. ಆಗಿಬರುತ್ತದೆ. ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಸ್ತನದೊಳಗೆ ಸ್ನಾಯು ಇಲ್ಲ. ಕೊಬ್ಬು, ಹಾಲಿನ ಗ್ರಂಥಿ, ಅವನ್ನು ಹಿಡಿದಿಡುವ ಕೂಪರ್ ತಂತುಗಳು ಅನ್ನುವ ತೆಳು ಎಳೆಗಳು, ಮೇಲೆ ಚರ್ಮ, ಇಷ್ಟೇ ಅದರ ಆಧಾರ. ಓಡುವಾಗ ಅದು ಬರೀ ಮೇಲೆ ಕೆಳಗೆ ಕುಣಿಯುವುದಿಲ್ಲ. ಪಕ್ಕಕ್ಕೂ ಹೋಗುತ್ತದೆ, ಹಿಂದೆ ಮುಂದೆಯೂ ಹೋಗುತ್ತದೆ. ಒಟ್ಟು ಚಲನೆ ಇಂಗ್ಲಿಷ್ 8ರ ಹಾಗೆ ಸುತ್ತುತ್ತದೆ. ಮೈ ಕೆಳಗಿಳಿಯಲು ಶುರುವಾದಾಗ ಎದೆ ಇನ್ನೂ ಮೇಲೇ ಇರುತ್ತದೆ, ಮೈ ಮೇಲೇಳುವಾಗ ಅದು ಕೆಳಗಿರುತ್ತದೆ. ಈ ಎಳೆದಾಟದಿಂದಲೇ ನೋವು. ಒಳಗೆ ಸ್ನಾಯು ಇಲ್ಲದ್ದರಿಂದ ಯಾವ ವ್ಯಾಯಾಮವೂ ಆ ಎಳೆಗಳನ್ನು ಬಿಗಿ ಮಾಡುವುದಿಲ್ಲ; ಹಿಡಿತ ಹೊರಗಿನಿಂದಲೇ ಬರಬೇಕು.

ಆ ಹಿಡಿತ ಬರುವುದು ಎದೆಯ ಕೆಳಗಿನ ಪಟ್ಟಿಯಿಂದ, ಭುಜದ ಪಟ್ಟಿಯಿಂದಲ್ಲ. ಈ ಒಂದು ವಿಷಯ ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು. ಭುಜದ ಪಟ್ಟಿ ಬಿಗಿ ಮಾಡಿದಷ್ಟೂ ಕೆಳಪಟ್ಟಿ ಬೆನ್ನಿನಲ್ಲಿ ಮೇಲಕ್ಕೆ ಸರಿಯುತ್ತದೆ, ಮುಂದೆ ಭಾರ ಜೋತು ಬೀಳುತ್ತದೆ, ಭುಜದಲ್ಲಿ ಗೆರೆ ಬೀಳುತ್ತದೆ. ಕುತ್ತಿಗೆ ಬುಡದಲ್ಲಿ ನೋವು, ಕೈಬೆರಳು ಜೋಮು ಹಿಡಿಯುವುದು ಕೂಡ ಇದರಿಂದ ಆಗುತ್ತದೆ.

ಅಳತೆ ಮನೆಯಲ್ಲೇ ತೆಗೆಯಿರಿ. ಟೈಲರ್ ಟೇಪು ಸಾಕು, ಇಂಚಿನಲ್ಲಿ ಓದಿ. ಪ್ಯಾಡ್ ಇಲ್ಲದ ತೆಳು ಬ್ರಾ ತೊಟ್ಟು ಕನ್ನಡಿ ಮುಂದೆ ನಿಲ್ಲಿ. ಸ್ತನದ ಬುಡದ ಕೆಳಗೆ ಟೇಪು ಸುತ್ತಿ. ಅದು ಬೆನ್ನಿನಲ್ಲೂ ಅದೇ ಎತ್ತರದಲ್ಲಿ, ನೆಲಕ್ಕೆ ಸಮನಾಗಿರಬೇಕು. ಉಸಿರು ಪೂರ್ತಿ ಬಿಟ್ಟು, ಬಿಗಿಯಾಗಿ ಎಳೆದು ಓದಿ. ಇದು ಪಟ್ಟಿಯ ಅಳತೆ. ಆಮೇಲೆ ಎದೆ ಅತಿ ತುಂಬಿರುವ ಕಡೆ ಎರಡು ಸಲ ಅಳೆಯಿರಿ, ನಿಂತು ಒಮ್ಮೆ, ಸೊಂಟದಿಂದ ಪೂರ್ತಿ ಬಾಗಿ ಒಮ್ಮೆ. ಎರಡರ ಸರಾಸರಿ ತೆಗೆದುಕೊಳ್ಳಿ. ಭಾರದ ಎದೆಗೆ ನಿಂತ ಅಳತೆ ಮಾತ್ರ ಸಾಲುವುದಿಲ್ಲ, ಕಡಿಮೆ ತೋರಿಸುತ್ತದೆ. ಇಲ್ಲಿ ಟೇಪು ಬಿಗಿಯಬೇಡಿ.

ಆ ಸರಾಸರಿಗೂ ಪಟ್ಟಿಯ ಅಳತೆಗೂ ಇರುವ ವ್ಯತ್ಯಾಸವೇ ಕಪ್ಪಿನ ಅಳತೆ. ಬ್ರಿಟಿಷ್ ಕ್ರಮದಲ್ಲಿ 1 ಇಂಚಿಗೆ ಎ, 2ಕ್ಕೆ ಬಿ, 3ಕ್ಕೆ ಸಿ, 4ಕ್ಕೆ ಡಿ, 5ಕ್ಕೆ ಡಿಡಿ, 6ಕ್ಕೆ ಇ, 7ಕ್ಕೆ ಎಫ್, 8ಕ್ಕೆ ಎಫ್‌ಎಫ್, 9ಕ್ಕೆ ಜಿ. ಕೆಳಗೆ 34, ಮೇಲೆ 41 ಬಂದರೆ ನಿಮ್ಮದು 34 ಎಫ್. ಅಮೆರಿಕದ ಕ್ರಮ ಅನುಸರಿಸುವ ಕಂಪನಿಯಲ್ಲಿ ಇದೇ ಏಳಿಂಚಿಗೆ ಸಾಮಾನ್ಯವಾಗಿ ಜಿ ಅಂತ ಬರೆದಿರುತ್ತದೆ. ಹಾಗಾಗಿ ಅಕ್ಷರ ನೋಡಿ ಆರ್ಡರ್ ಹಾಕಬೇಡಿ, ಆ ಕಂಪನಿಯ ಅಳತೆಪಟ್ಟಿಯನ್ನೇ ತೆಗೆದು ನೋಡಿ.

ಅಂಗಡಿಯಲ್ಲಿ ಎಡವಟ್ಟಾಗುವುದು ಇಲ್ಲೇ. ಕೆಳಗಿನ ಅಳತೆಗೆ ನಾಲ್ಕೈದು ಇಂಚು ಸೇರಿಸುವ ಹಳೇ ಲೆಕ್ಕ ಇನ್ನೂ ಚಾಲ್ತಿಯಲ್ಲಿದೆ. 34 ಎಫ್ ಬೇಕಾದವರ ಕೈಗೆ 40 ಡಿ ಕೊಟ್ಟು ‘ನಿಮಗೆ ಇದೇ ಅಮ್ಮ’ ಅನ್ನುತ್ತಾರೆ. ತೊಟ್ಟಾಗ ಕಪ್ ತುಂಬುತ್ತದೆ, ಏಕೆಂದರೆ 34 ಎಫ್, 36 ಇ, 38 ಡಿಡಿ, 40 ಡಿ ಈ ನಾಲ್ಕರ ಕಪ್ಪಿನ ಗಾತ್ರವೂ ಹೆಚ್ಚುಕಡಿಮೆ ಒಂದೇ. ಪಟ್ಟಿ ಮಾತ್ರ ಆರು ಇಂಚು ಸಡಿಲ. ಮನೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ, ಓಡಿದಾಗ ಗೊತ್ತಾಗುತ್ತದೆ. ನಿಮ್ಮ ಸೈಜ್ ಸಿಗದೇ ಇದ್ದರೆ ಪಟ್ಟಿ ಒಂದು ಮೆಟ್ಟಿಲು ಮೇಲಕ್ಕೆ, ಕಪ್ ಒಂದು ಮೆಟ್ಟಿಲು ಕೆಳಕ್ಕೆ, ಅಂದರೆ ‘36 ಇ’ ತನಕ ಹೋಗಬಹುದು. ಅದರಾಚೆ ಹೋಗಬೇಡಿ.

ಸ್ಪೋರ್ಟ್ಸ್ ಬ್ರಾಗಳಲ್ಲಿ ಎರಡು ಜಾತಿ. ಒಂದು, ತಲೆಯ ಮೇಲಿಂದ ತೊಡುವ, ಎದೆಯನ್ನೆಲ್ಲ ಒಟ್ಟಾಗಿ ಎದೆಗೂಡಿಗೆ ಒತ್ತುವಂಥದ್ದು. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಸೇರಿ ಮಾಡಿದ ಮೊದಲ ಜಾಗ್‌ಬ್ರಾ ಈ ಒತ್ತುವ ಜಾತಿಯದ್ದು. ಗಂಡಸರು ಆಟವಾಡುವಾಗ ಒಳಗೆ ತೊಡುವ ಜಾಕ್‌ಸ್ಟ್ರಾಪ್ ಎರಡನ್ನು ಸೇರಿಸಿ ಹೊಲಿದು ಅದರ ಮಾದರಿ ಮಾಡಿದ್ದರು. ಸಣ್ಣ ಎದೆಗೆ ಇದು ಸಾಕು. ಎರಡನೆಯದು, ಪ್ರತಿ ಸ್ತನವನ್ನೂ ಬೇರೆ ಬೇರೆ ಕಪ್ಪಿನಲ್ಲಿ ಹಿಡಿದು, ಹಿಂದೆ ಹುಕ್ಕು ಹಾಕುವಂಥದ್ದು. ಡಿಡಿ ದಾಟಿದವರು ಈ ಎರಡನೆಯದನ್ನೇ, ಅಥವಾ ಎರಡೂ ಸೇರಿದ್ದನ್ನು ತೆಗೆದುಕೊಳ್ಳಿ. ಒತ್ತುವ ಬ್ರಾ ಒಂದೇ ತೊಟ್ಟರೆ ಎರಡೂ ಸ್ತನ ನಡುವೆ ಕೂಡಿ, ಚರ್ಮಕ್ಕೆ ಚರ್ಮ ಉಜ್ಜಿ ಬೆವರಿನಲ್ಲಿ ತರಚುತ್ತದೆ. ಎಷ್ಟು ಬಿಗಿಯಿದ್ದರೂ ಇಡೀ ಗಡ್ಡೆ ಒಟ್ಟಾಗಿ ಕುಣಿಯುತ್ತದೆ. ಎಸ್, ಎಂ, ಎಲ್ ಅಂತ ಮಾತ್ರ ಸೈಜ್ ಬರೆದಿದ್ದರೆ ಅದು ನಮಗಲ್ಲ. ಬಟ್ಟೆಯನ್ನು ಅಂಗಡಿಯಲ್ಲೇ ಎಳೆದು ನೋಡಿ: ಕಪ್ಪಿನ ಮುಂಭಾಗ ಮತ್ತು ಭುಜದ ಪಟ್ಟಿಯ ಮುಂದಿನ ತುಂಡು ಹೆಚ್ಚು ಹಿಗ್ಗಬಾರದು. ಭುಜದ ಪಟ್ಟಿ ಒಂದೂವರೆ ಇಂಚಾದರೂ ಅಗಲ, ಕೆಳಪಟ್ಟಿಗೆ ಕನಿಷ್ಠ ಮೂರು ಸಾಲು ಹುಕ್ಕು ಇರಲಿ.

ತೊಡುವುದಕ್ಕೂ ಒಂದು ಕ್ರಮ ಇದೆ. ಮುಂದಕ್ಕೆ ಬಾಗಿ ಕಪ್ಪಿನೊಳಗೆ ಎದೆ ಬಿಡಿ, ಹುಕ್ಕು ಅತಿ ಸಡಿಲದ ಸಾಲಿಗೆ ಹಾಕಿ, ನೆಟ್ಟಗಾಗಿ. ಕಂಕುಳಿನ ಕಡೆ ಸರಿದ ಭಾಗವನ್ನು ಕೈಹಾಕಿ ಕಪ್ಪಿನೊಳಕ್ಕೆ ತನ್ನಿ. ಹೊಸ ಬ್ರಾ ಸಡಿಲದ ಹುಕ್ಕಿನಲ್ಲೇ ಬಿಗಿಯಾಗಿ ಕೂರಬೇಕು. ಎಲಾಸ್ಟಿಕ್ ಹಿಗ್ಗಿದ ಮೇಲೆ ಒಳಗಿನ ಹುಕ್ಕುಗಳು ಬೇಕಾಗುತ್ತವೆ. ಈಗ ಭುಜದ ಪಟ್ಟಿ ಎರಡನ್ನೂ ಜಾರಿಸಿ ನೋಡಿ. ಕೆಳಪಟ್ಟಿ ಇದ್ದಲ್ಲೇ ನಿಂತರೆ ಸರಿ, ಜಾರಿದರೆ ದೊಡ್ಡದಾಯಿತು. ಬೆನ್ನಿನ ಪಟ್ಟಿಯಡಿ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಕೈ ಮೇಲೆತ್ತಿದಾಗ ಪಟ್ಟಿ ಮೇಲೇರಬಾರದು. ಎರಡು ಕಪ್ಪಿನ ನಡುವಿನ ತುಂಡು ಎದೆಮೂಳೆಗೆ ತಾಗಿರಬೇಕು. ಆ ತುಂಡು ಮೂಳೆಗೆ ತಾಗದೆ ಮೇಲೆದ್ದಿದ್ದರೆ ಕಪ್ ಚಿಕ್ಕದು. ಕಪ್ಪಿನ ಮೇಲೆ ಅಥವಾ ಕಂಕುಳ ಹತ್ತಿರ ಉಬ್ಬಿ ಬಂದರೂ ಅದೇ ಅರ್ಥ. ಬಟ್ಟೆ ಸುಕ್ಕಾದರೆ ಕಪ್ ದೊಡ್ಡದು. ಆಳವಾಗಿ ಉಸಿರೆಳೆದು ನೋಡಿ, ಪಕ್ಕೆಲುಬು ನೋಯಬಾರದು. ಕೊನೆಗೆ ಟ್ರಯಲ್ ರೂಮಿನಲ್ಲೇ ಅರ್ಧ ನಿಮಿಷ ನಿಂತಲ್ಲೇ ಓಡಿ, ಹತ್ತು ಸಲ ಜಿಗಿಯಿರಿ. ನಾಚಿಕೆ ಬೇಡ. ಟ್ರಯಲ್‌ಗೆ ಬಿಡದ ಅಂಗಡಿಯಲ್ಲಿ ಈ ವಸ್ತು ಕೊಳ್ಳಲೇಬೇಡಿ. ಆನ್‌ಲೈನ್ ಆದರೆ ವಾಪಸ್ ತೆಗೆದುಕೊಳ್ಳುವವರ ಹತ್ತಿರ ಎರಡು ಸೈಜ್ ತರಿಸಿ.

ಮೈಸೂರಿನಲ್ಲಿ, ಮಂಡ್ಯದಲ್ಲಂತೂ ಇನ್ನೂ ಹೆಚ್ಚು, ದೊಡ್ಡ ಕಪ್ ಸಣ್ಣ ಪಟ್ಟಿ ಸುಲಭವಾಗಿ ಸಿಗುವುದಿಲ್ಲ. ಸಿಗುವವರೆಗೆ ನಾನು ಎರಡು ಪದರ ತೊಡುತ್ತೇನೆ. ಒಳಗೆ ಪೂರ್ತಿ ಕಪ್ ಇರುವ, ಪ್ಯಾಡ್ ಇಲ್ಲದ, ಅಳತೆ ಸರಿಯಿರುವ ಮಾಮೂಲಿ ಬ್ರಾ. ಅದರ ಮೇಲೆ ಒತ್ತುವ ಸ್ಪೋರ್ಟ್ಸ್ ಬ್ರಾ. ಒಳಗಿನದು ಬೇರೆ ಬೇರೆಯಾಗಿ ಎತ್ತಿ ಹಿಡಿಯುತ್ತದೆ, ಹೊರಗಿನದು ಕುಣಿತ ತಡೆಯುತ್ತದೆ. ಎರಡರ ಕೆಳಪಟ್ಟಿ ಒಂದರ ಮೇಲೊಂದು ಬಾರದ ಹಾಗೆ ಅರ್ಧ ಇಂಚು ಹೊರಗಿನದನ್ನು ಕೆಳಗಿಡಿ, ಇಲ್ಲದಿದ್ದರೆ ಎರಡು ಅಂಚೂ ಒಂದೇ ಗೆರೆಯಲ್ಲಿ ಒತ್ತಿ ಚರ್ಮ ಕೊರೆಯುತ್ತದೆ. ಹೊರಗಿನದು ಮುಂದೆ ಜಿಪ್ ಇರುವುದಾದರೆ ಬೆವತ ಮೈಯಿಂದ ತೆಗೆಯುವುದು ಸುಲಭ. ಜಿಪ್ ಇಲ್ಲದ್ದನ್ನು ಕಾಲಿನಿಂದ ಮೇಲಕ್ಕೆ ಏರಿಸಿ ತೊಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ ಓಡುವವರಿದ್ದಾರೆ, ದಯವಿಟ್ಟು ಬೇಡ. ಅದು ಎದೆಯನ್ನಷ್ಟೇ ಕಟ್ಟುವುದಿಲ್ಲ, ಪಕ್ಕೆಲುಬನ್ನೂ ಕಟ್ಟುತ್ತದೆ. ಉಸಿರು ಮೇಲುಮೇಲೇ ಉಳಿಯುತ್ತದೆ.

ಟೈಲರ್ ಕೈಯಲ್ಲಿ ಆಗುವ ರಿಪೇರಿಗಳೂ ಇವೆ. ಕಟೋರಿ ಬ್ಲೌಸ್ ಚೆನ್ನಾಗಿ ಹೊಲಿಯುವವರನ್ನು ಹುಡುಕಿ. ಕಪ್ಪಿನ ಹೊಲಿಗೆ ಅವರ ಕೈಗೆ ಗೊತ್ತಿರುತ್ತದೆ. ಕೆಳಪಟ್ಟಿ ಸಡಿಲವಿದ್ದರೆ ಎರಡೂ ಕಡೆ ಒಂದೊಂದು ಇಂಚು ತೆಗೆಸಬಹುದು. ಅದಕ್ಕಿಂತ ಹೆಚ್ಚು ತೆಗೆದರೆ ಭುಜದ ಪಟ್ಟಿಯ ಹಿಂದಿನ ತುದಿಗಳ ಜಾಗ ಕೆಡುತ್ತದೆ. ಭುಜದ ಹಿಗ್ಗುವ ಸಣ್ಣ ಪಟ್ಟಿಯ ಜಾಗದಲ್ಲಿ ಎರಡು ಪದರ ಹತ್ತಿ ಬಟ್ಟೆಯ ಒಂದೂವರೆ ಇಂಚಿನ ಪಟ್ಟಿ ಹೊಲಿಸಬಹುದು. ಪಟ್ಟಿ ಭುಜದಿಂದ ಜಾರುತ್ತಿದ್ದರೆ ಹೆಗಲೆಲುಬುಗಳ ನಡುವೆ ಎರಡನ್ನೂ ಸೇರಿಸಿ ಅಡ್ಡಕ್ಕೊಂದು ಎರಡಿಂಚಿನ ತುಂಡು ಹಾಕಿಸಿ.

ಇನ್ನು ಓಟ. ಉದ್ದ ಹೆಜ್ಜೆ ಹಾಕಿದಷ್ಟೂ ಮೈ ಮೇಲೆ ಹಾರುತ್ತದೆ, ಎದೆಯೂ ಅಷ್ಟೇ ಜಗ್ಗುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಸಂಖ್ಯೆ ಹೆಚ್ಚು ಮಾಡಿ. ಬಲಗಾಲು ನೆಲ ಮುಟ್ಟುವುದನ್ನು ಅರ್ಧ ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 150 ಬಂದರೆ ಕೆಲವು ವಾರಗಳಲ್ಲಿ 160ರ ಹತ್ತಿರ ತನ್ನಿ. ಒಮ್ಮೆಲೇ 180ಕ್ಕೆ ಹಾರಿದರೆ ಮೀನಖಂಡ ಹಿಡಿಯುತ್ತದೆ. ಮೊಣಕೈ ಬಗ್ಗಿಸಿ, ಕೈ ಎದೆಯ ಮುಂದೆ ಅಡ್ಡ ಬಾರದ ಹಾಗೆ ಹಿಂದಕ್ಕೆ ಬೀಸಿ. ಶುರುವಿಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಇಂಥದ್ದು ಎಂಟು ಸುತ್ತು, ವಾರಕ್ಕೆ ಮೂರು ದಿನ. ಮಣ್ಣಿನ ಹಾದಿ ಆರಿಸಿ: ಕುಕ್ಕರಹಳ್ಳಿ, ಲಿಂಗಾಂಬುಧಿ ಎರಡೂ ಕೆರೆಗಳ ಹಾದಿ ಒಳ್ಳೆಯವು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದು ಎದೆಗೆ ಹಗುರವೇ, ಏಕೆಂದರೆ ಹತ್ತುವಾಗ ಪಾದ ಮೆಲ್ಲಗೆ ಊರುತ್ತದೆ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈ ಕುಕ್ಕುತ್ತದೆ. ಓಡಿ ಇಳಿಯಬೇಡಿ, ನಡೆದಿಳಿಯಿರಿ, ಇಲ್ಲವೇ ಬಸ್ಸಿನಲ್ಲಿ ಬನ್ನಿ.

ಮೇಲಂಗಿಗೆ ಹತ್ತಿ ಬೇಡ, ನೆಂದರೆ ಅಂಟಿಕೊಂಡು ಭಾರವಾಗುತ್ತದೆ. ಬೇಗ ಒಣಗುವ ಗಾಢ ಬಣ್ಣದ ಟೀ ಶರ್ಟ್, ಒಂದು ಸೈಜ್ ದೊಡ್ಡದು. ಜನ ನೋಡುತ್ತಾರೆ ಅಂತ ವೇಲ್ ಹಾಕಿ ಓಡುವವರು ಅದರ ಬದಲು ಮುಂದೆ ಜಿಪ್ ಇರುವ ತೋಳಿಲ್ಲದ ತೆಳು ಜಾಕೆಟ್ ತೊಟ್ಟರೆ ಕೈ ಬಿಡುವಾಗಿರುತ್ತದೆ.

ಮೈಸೂರಿನಲ್ಲಿ ಯೋಗ ಬಿಟ್ಟು ವ್ಯಾಯಾಮದ ಮಾತಾಡುವ ಹಾಗಿಲ್ಲ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಕಲಿಸಿದ, ಪಟ್ಟಾಭಿ ಜೋಯಿಸರು ಮುಂದುವರಿಸಿದ ಪದ್ಧತಿಯಲ್ಲಿ ಹಾರಿ ಹಿಂದೆ ಹೋಗುವ ಚಲನೆಗಳು ಬಹಳ. ಅವನ್ನು ಒಂದೊಂದೇ ಕಾಲು ಇಟ್ಟು ಮಾಡಿ. ಕಷ್ಟ ಕೊಡುವುದು ಸರ್ವಾಂಗಾಸನ, ಹಲಾಸನ. ಎದೆ ಗಂಟಲಿನ ಮೇಲೆ ಬಿದ್ದು ಉಸಿರು ಕಟ್ಟುತ್ತದೆ. ಭುಜದಡಿ ಎರಡು ಇಂಚು ಎತ್ತರಕ್ಕೆ ಮಡಿಸಿದ ಜಮಖಾನ ಹಾಕಿ, ತಲೆ ಮಾತ್ರ ನೆಲದಲ್ಲಿರಲಿ. ಗಲ್ಲಕ್ಕೂ ಎದೆಗೂ ಜಾಗ ಸಿಗುತ್ತದೆ. ಆಗಲೂ ಉಸಿರು ಸಿಗದಿದ್ದರೆ ಗೋಡೆಗೆ ಕಾಲು ಚಾಚಿ ವಿಪರೀತಕರಣಿ ಮಾಡಿ. ಬೋರಲು ಮಲಗುವ ಭುಜಂಗಾಸನ, ಶಲಭಾಸನ, ಧನುರಾಸನಕ್ಕೆ ಹೊಟ್ಟೆಯ ಕೆಳಗೆ ಮಡಿಸಿದ ಕಂಬಳಿ ಹಾಕಿ. ಬಾಲಾಸನದಲ್ಲಿ ಮಂಡಿ ಅಗಲಿಸಿ. ಮರೀಚ್ಯಾಸನದ ತಿರುವಿನಲ್ಲಿ ಮೊಣಕೈಯನ್ನು ಮಂಡಿಯಾಚೆ ದಾಟಿಸುವ ಹಟ ಬೇಡ, ಕೈಯಿಂದ ಮಂಡಿ ತಬ್ಬಿಕೊಂಡರೆ ಸಾಕು.

ಬಲ ಬೇಕಾಗಿರುವುದು ಬೆನ್ನಿಗೆ. ಮುಂದಿನ ಭಾರಕ್ಕೆ ಭುಜ ಬಾಗುತ್ತದೆ, ಬೆನ್ನಿನ ಮೇಲ್ಭಾಗ ಸೋಲುತ್ತದೆ. ರೆಸಿಸ್ಟೆನ್ಸ್ ಬ್ಯಾಂಡ್ ಅನ್ನುವ ಎಳೆಯುವ ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ, ಮೊಣಕೈ ಮೈಗೆ ಅಂಟಿಸಿ ಹಿಂದಕ್ಕೆ ಎಳೆಯುವುದು 12 ಸಲ, ಮೂರು ಸುತ್ತು. ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿಯುವ ಪ್ಲ್ಯಾಂಕ್ 20 ಸೆಕೆಂಡಿನಿಂದ ಶುರು. ಜಂಪಿಂಗ್ ಜ್ಯಾಕ್ ಬದಲು ಒಂದೊಂದೇ ಕಾಲು ಪಕ್ಕಕ್ಕಿಟ್ಟು ಕೈ ಎತ್ತುವುದು. ಸ್ಕಿಪ್ಪಿಂಗ್ ಎಲ್ಲಕ್ಕಿಂತ ಕೊನೆಗೆ, ಬ್ರಾ ನಿಜವಾಗಿ ಒಗ್ಗಿದ ಮೇಲೆ.

ಚರ್ಮದ ವಿಷಯದಲ್ಲಿ ಉದಾಸೀನ ಮಾಡಬೇಡಿ. ಓಟಕ್ಕೆ ಮುಂಚೆ ಕೆಳಪಟ್ಟಿಯ ಗೆರೆ, ಎದೆಯ ನಡು, ಕಂಕುಳ ಅಂಚು ಈ ಮೂರು ಕಡೆ ವ್ಯಾಸಲೀನ್ ಸವರಿ. ಪೌಡರ್ ಬೆವರಿನಲ್ಲಿ ಗಂಟುಕಟ್ಟಿ ಇನ್ನೂ ಉಜ್ಜುತ್ತದೆ. ಮುಗಿದ ಕೂಡಲೇ ಬ್ರಾ ಬಿಚ್ಚಿ, ತೊಳೆದು, ಸ್ತನದ ಕೆಳಗಿನ ಮಡಿಕೆಯನ್ನು ಒತ್ತಿ ಒತ್ತಿ ಒರೆಸಿ. ಒದ್ದೆ ಬ್ರಾದಲ್ಲೇ ತಿಂಡಿಗೆ ಕೂತರೆ ಅಲ್ಲಿ ಕೆಂಪಾಗಿ, ತುರಿಕೆ ಎದ್ದು, ಫಂಗಸ್ ಹಿಡಿಯುತ್ತದೆ. ಹಾಗಾದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ತಕ್ಷಣ ಕೊಡುವ ಸ್ಟೆರಾಯ್ಡ್ ಬೆರೆತ ಕ್ರೀಮ್ ಹಚ್ಚಬೇಡಿ. ತುರಿಕೆ ಎರಡು ದಿನ ನಿಂತು, ಫಂಗಸ್ ಒಳಗೊಳಗೇ ಹರಡುತ್ತದೆ.

ಮುಟ್ಟಿನ ಹಿಂದಿನ ವಾರ ಎದೆ ಊದಿ ನೋಯುವುದು ಸಾಮಾನ್ಯ. ಆ ದಿನಗಳಿಗೆ ಹುಕ್ಕು ಒಂದು ಸಾಲು ಸಡಿಲಿಸಿ, ಓಟದ ಬದಲು ಬಿರುಸಿನ ನಡಿಗೆ ಅಥವಾ ಸೈಕಲ್. ಹಾಲೂಡಿಸುವವರು ಕೂಸಿಗೆ ಕುಡಿಸಿಯೇ ಹೊರಡಿ. ತುಂಬಿದ ಎದೆಯನ್ನು ಹೊತ್ತುಗಟ್ಟಲೆ ಒತ್ತಿ ಕಟ್ಟಿದರೆ ಹಾಲು ಕಟ್ಟಿಕೊಳ್ಳುತ್ತದೆ. ಗಂಟು, ತೊಟ್ಟಿನಿಂದ ಸೋರಿಕೆ, ಒಂದೇ ಕಡೆ ಬಿಡದ ನೋವು ಇವಕ್ಕೆ ಬ್ರಾ ಬದಲಿಸುತ್ತ ಕೂರದೆ ಡಾಕ್ಟರ್ ಹತ್ತಿರ ಹೋಗಿ.

ಒಗೆಯುವಾಗ ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ, ಬಿಸಿನೀರು ಬೇಡ. ಕಂಫರ್ಟ್‌ನಂಥ ಮೃದುಕಾರಿ ಎಲಾಸ್ಟಿಕ್‌ನ ಬಿಗಿತ ಕೆಡಿಸುತ್ತದೆ. ತಣ್ಣೀರಿನಲ್ಲಿ ಸ್ವಲ್ಪ ಲಿಕ್ವಿಡ್ ಸೋಪು, ಐದು ನಿಮಿಷ ನೆನೆಸಿ, ಅಲುಗಿಸಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ನೆರಳಿನಲ್ಲಿ, ನಡುವಿನ ತುಂಡನ್ನು ತಂತಿಗೆ ಹಾಕಿ ಒಣಗಿಸಿ. ಭುಜದ ಪಟ್ಟಿಯಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಪಟ್ಟಿ ಹಿಗ್ಗುತ್ತದೆ. ಆಷಾಢದ ತೇವದಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ, ಆದ್ದರಿಂದ ಮೂರು ಬೇಕು. ಅತಿ ಬಿಗಿ ಹುಕ್ಕಿನಲ್ಲೂ ಕೆಳಪಟ್ಟಿ ಮೇಲೇರತೊಡಗಿದರೆ, ಬಟ್ಟೆ ಹರಿಯದಿದ್ದರೂ ಅದರ ಕಾಲ ಮುಗಿಯಿತು. ಅದನ್ನು ಮನೆಯಲ್ಲಿ ಹಾಕಿಕೊಳ್ಳಲು ಇಟ್ಟುಕೊಳ್ಳಿ. ಹೊಸದು ತರುವ ಮುನ್ನ ಟೇಪು ಹಿಡಿದು ಇನ್ನೊಮ್ಮೆ ಅಳೆಯಿರಿ. ಓಡತೊಡಗಿದವರಿಗೆ ಕೆಳಗಿನ ಸುತ್ತಳತೆ ಕಪ್ಪಿಗಿಂತ ಮೊದಲು ಇಳಿಯುವುದುಂಟು.