ಒಂದೇ ಮನೆ, ಎರಡು ಕಂಪ್ಯೂಟರ್, ಎರಡು ತೀರ್ಮಾನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲ ಮುಗಿಯಿತು. ಆ ದಿನ ಹತ್ತಿರವಾದಂತೆ ಯಾರನ್ನು ಕೇಳಿದರೂ ಎರಡೇ ಉತ್ತರ. ಒಂದು, ‘ಹೊಸದು ತಗೊಂಡ್ಬಿಡಿ’. ಇನ್ನೊಂದು, ‘ಏನೂ ಆಗಲ್ಲ, ಹಾಗೇ ನಡೀಲಿ’. ನನಗೆ ಎರಡೂ ಸರಿ ಕಾಣಲಿಲ್ಲ. ಬೆಂಬಲ ಮುಗಿದ ಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ, ಫೈಲುಗಳೂ ಎಲ್ಲಿಗೂ ಹೋಗುವುದಿಲ್ಲ. ನಿಲ್ಲುವುದು ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್. ಅದಿಲ್ಲದೆ ನೆಟ್‌ಬ್ಯಾಂಕಿಂಗ್ ಮಾಡುವ ಯಂತ್ರವನ್ನು ವರ್ಷಗಟ್ಟಲೆ ಹಾಗೇ ಬಿಡುವುದು ಅಪಾಯ. ಆದರೆ ಅಪ್‌ಡೇಟ್ ಬರುವ ದಾರಿ ಹೊಸ ಕಂಪ್ಯೂಟರ್ ಒಂದೇ ಅಲ್ಲ.

ನಮ್ಮ ಮನೆಯಲ್ಲಿ ಎರಡು ಯಂತ್ರಗಳಿವೆ. ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್‌ನ ಎಂಟನೇ ಪೀಳಿಗೆಯ ಐ5 ಇದೆ. ಕೆಲವು ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವುದು ಅವಳ ಕೆಲಸ. ಡೆಸ್ಕ್‌ಟಾಪ್ ಅಪ್ಪನದು, ಅದರಲ್ಲಿ ಏಳನೇ ಪೀಳಿಗೆಯ ಐ5. ಅಪ್ಪ ನಿವೃತ್ತ ಮೇಷ್ಟ್ರು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಲೇಖನ ಟೈಪ್ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ವಿಂಡೋಸ್ 11ರ ಬಾಗಿಲಲ್ಲಿ ಮಾತ್ರ ಒಂದು ಒಳಗೆ, ಇನ್ನೊಂದು ಹೊರಗೆ.

ಆ ಬಾಗಿಲಿನ ಷರತ್ತುಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಯಾರಿಗೂ ತೊಡಕಲ್ಲ. ತಡೆಯುವುದು ಟಿಪಿಎಂ 2.0 (ಗುಪ್ತಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಏರ್ಪಾಡು) ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್‌ಗಳ ಪಟ್ಟಿ. ಇಂಟೆಲ್‌ನವುಗಳಲ್ಲಿ, ಕೆಲವೇ ಅಪವಾದ ಬಿಟ್ಟರೆ, ಎಂಟನೇ ಪೀಳಿಗೆಯಿಂದ ಈಚಿನವು ಮಾತ್ರ ಪಟ್ಟಿಯಲ್ಲಿವೆ.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ ಟಿಪಿಎಂ.ಎಂಎಸ್‌ಸಿ (tpm.msc) ಎಂದು ಟೈಪ್ ಮಾಡಿದರೆ, ಟಿಪಿಎಂ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಎಷ್ಟೋ ಜನ ಇಲ್ಲಿಗೇ ‘ನಮ್ಮದು ಆಗಲ್ಲ’ ಎಂದು ಕೈಬಿಡುತ್ತಾರೆ. ಅಲ್ಲಿ ಬಿಡಬೇಡಿ. ಆ ಕಾಲದ ಬಹುತೇಕ ಇಂಟೆಲ್ ಯಂತ್ರಗಳಲ್ಲಿ ಟಿಪಿಎಂ ಪಿಟಿಟಿ ಎಂಬ ಹೆಸರಿನಲ್ಲಿ ಬಯೋಸ್‌ನೊಳಗೆ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ತಂತ್ರಾಂಶ) ಇರುತ್ತದೆ, ಎಎಂಡಿಯಲ್ಲಿ ಅದಕ್ಕೆ ಎಫ್‌ಟಿಪಿಎಂ ಎನ್ನುತ್ತಾರೆ. ಆಫ್ ಆಗಿರುತ್ತದೆ, ಅಷ್ಟೇ. ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಸೆಕ್ಯುರಿಟಿ ಪುಟದಲ್ಲಿ ಪಿಟಿಟಿ ಆನ್ ಮಾಡಿ ಮತ್ತೆ ನೋಡಿದಾಗ ಸ್ಪೆಸಿಫಿಕೇಶನ್ ವರ್ಷನ್ 2.0 ಎಂದು ತೋರಿಸಿತು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ್ದರೆ ಮಾತ್ರ ಬಯೋಸ್ ಮುಟ್ಟುವ ಮೊದಲೇ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಂಥ ಬದಲಾವಣೆಯಾದ ಮೇಲೆ ಅದನ್ನೇ ಕೇಳಿ ಕೂರುವ ಸಾಧ್ಯತೆ ಇದೆ.

ದಾರಿ ತೆರೆದರೂ ತಕ್ಷಣ ಅಪ್‌ಗ್ರೇಡ್ ಮಾಡಲಿಲ್ಲ. ‘ರೀ, ರಿಟರ್ನ್ ಹಾಕಿ ಮುಗಿಸೋವರೆಗೂ ಇದನ್ನ ಮುಟ್ಟಬೇಡಿ’ ಎಂದಳು. ಅವಳ ಮಾತು ಸರಿಯಾಗಿತ್ತು. ಜಿಎಸ್‌ಟಿಯ ಮಾಸಿಕ ರಿಟರ್ನ್ ಜಿಎಸ್‌ಟಿಆರ್-3ಬಿಗೆ ತಿಂಗಳ 20ರ ಗಡುವು. ಅಕ್ಟೋಬರ್ 14ರಂದೇ ವಿಂಡೋಸ್ 10ರ ಕೊನೆಯ ಉಚಿತ ಅಪ್‌ಡೇಟ್ ಬಂದಿತ್ತು, ಮುಂದಿನ ಸರದಿ ನವೆಂಬರ್ 11ಕ್ಕೆ. ಅಲ್ಲಿಯವರೆಗೆ ನಮ್ಮ ಯಂತ್ರ ಯಾವ ಅಪ್‌ಡೇಟನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಈ ಲೆಕ್ಕ ಗೊತ್ತಿದ್ದರೆ ಗಾಬರಿ ಅರ್ಧ ಇಳಿಯುತ್ತದೆ.

ರಿಟರ್ನ್ ಮುಗಿದ ಮೇಲೆ ಲೆಕ್ಕದ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ಮತ್ತು ದಾಖಲೆಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಬ್ಯಾಕಪ್ ಅನ್ನು ಬೇರೊಂದು ಫೋಲ್ಡರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿಯೇ ವಿಂಡೋಸ್ 11ಕ್ಕೆ ಹೋದೆ. ಹೋದ ಮೇಲೆ ಹತ್ತು ದಿನ ಹಿಂದಿನದಕ್ಕೆ ಮರಳಲು ಅವಕಾಶವಿರುತ್ತದೆ, ಆಮೇಲೆ ಹಳೆಯ ಫೈಲುಗಳನ್ನು ಅದೇ ಅಳಿಸುತ್ತದೆ. ಹಾಗಾಗಿ ಪ್ರಿಂಟರ್, ಸ್ಕ್ಯಾನರ್, ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಎಲ್ಲವನ್ನೂ ಆ ಹತ್ತು ದಿನದೊಳಗೇ ಓಡಿಸಿ ನೋಡಿದೆವು. ತೊಂದರೆ ಬರಲಿಲ್ಲ. ಅಪ್‌ಗ್ರೇಡ್ ಬದಲು ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಒಂದು ಮಾತು: ಹಳೆಯ ವರ್ಡ್ ಫೈಲುಗಳ ತುಂಗಾ ಫಾಂಟ್ ಮೊದಲಿಗೆ ಅಲ್ಲಿ ಇಲ್ಲದಿರಬಹುದು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದಿದೆ, ಅದನ್ನು ಸೇರಿಸಿಕೊಂಡರಾಯಿತು.

ತಲೆ ಕೆಡಿಸಿದ್ದು ಡೆಸ್ಕ್‌ಟಾಪ್. ಟಿಪಿಎಂ 2.0 ಇದೆ, 8 ಜಿಬಿ ರ‍್ಯಾಮ್ ಇದೆ, ಪ್ರೊಸೆಸರ್ ಮಾತ್ರ ಪಟ್ಟಿಯಲ್ಲಿಲ್ಲ. ರೂಫಸ್‌ನಂಥ ಉಪಕರಣದಿಂದ ತಪಾಸಣೆ ದಾಟಿಸಿ ವಿಂಡೋಸ್ 11 ಹಾಕಬಹುದು, ಹಾಕಿಕೊಂಡವರು ಬೇಕಾದಷ್ಟಿದ್ದಾರೆ. ನಾನು ಬೇಡವೆಂದೆ. ಪಟ್ಟಿಯಲ್ಲಿಲ್ಲದ ಯಂತ್ರಗಳಿಗೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ನಾವು ಈ ಗೋಜಿಗೆ ಇಳಿದದ್ದೇ ಅಪ್‌ಡೇಟ್‌ಗಾಗಿ. ಅದಕ್ಕೇ ಖಾತ್ರಿ ಇಲ್ಲದ ಮೇಲೆ ಎಪ್ಪತ್ತು ದಾಟಿದವರ ಕೈಗೆ ಅಂಥ ವ್ಯವಸ್ಥೆ ಕೊಡಲು ಮನಸ್ಸು ಬರಲಿಲ್ಲ.

ಮೊದಲು ಒಂದು ವರ್ಷದ ಸಮಯ ಕೊಂಡುಕೊಂಡೆ. ಕೊಂಡೆ ಎಂದರೂ ದುಡ್ಡು ಕೊಡಲಿಲ್ಲ. ಮನೆಬಳಕೆಯವರಿಗೆ ಇಎಸ್‌ಯು (ವಿಸ್ತರಿತ ಸುರಕ್ಷತಾ ಅಪ್‌ಡೇಟ್) ಎಂಬ ಯೋಜನೆಯಿದೆ. 22ಎಚ್2 ಆವೃತ್ತಿಯಿದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ನೋಂದಾಯಿಸಿಕೊಳ್ಳಬಹುದು. 30 ಡಾಲರ್ ಕೊಡಬಹುದು, 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ ಬಳಸಬಹುದು, ಇಲ್ಲವೇ ಸೆಟ್ಟಿಂಗ್ಸ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿ ಪುಕ್ಕಟೆ ಪಡೆಯಬಹುದು. ನಾನು ಸಿಂಕ್ ಮಾಡಿದೆ. ಇದರಿಂದ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ. ಹೊಸ ಸೌಲಭ್ಯ ಯಾವುದೂ ಬರುವುದಿಲ್ಲ, ಅಪ್ಪನಿಗೆ ಅದು ಬೇಕಾಗಿಯೂ ಇಲ್ಲ.

ಆ ವರ್ಷ ಮುಗಿದ ಮೇಲೆ ಏನು ಎಂಬುದಕ್ಕೆ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22 ನೋಡಿದೆ. 2029ರವರೆಗೆ ಅದಕ್ಕೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಡಿಸ್ಕ್ ಮುಟ್ಟದೆ ನೋಡಬಹುದಾದ್ದರಿಂದ ಧೈರ್ಯವಿತ್ತು. ಅಪ್ಪನ ಪ್ರಶ್ನೆ ಒಂದೇ: ‘ಲೋ, ನನ್ನ ಟೈಪಿಂಗು ಬದಲಾಗುತ್ತಾ?’ ಅವರ ಬೆರಳುಗಳಿಗೆ ಒಗ್ಗಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂದೇ ಅದು ಸಿಗುತ್ತದೆ. ಅಲ್ಲಿ ವರ್ಡ್‌ನಂತೆ ಬಳಸುವ ಲಿಬ್ರೆಆಫೀಸ್ ತೆರೆದು ಕೊಟ್ಟೆ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಿದರು, ಒತ್ತು ಬಂತು. ‘ಶಿವಮೊಗ್ಗ’ ಎಂದು ಟೈಪ್ ಮಾಡಿ, ಕನ್ನಡಕ ಸರಿಮಾಡಿಕೊಂಡು, ಒಂದು ಇಡೀ ಪ್ಯಾರಾ ಹೊಡೆದು ‘ಹಾಕು’ ಎಂದರು.

ತೊಡಕಿದ್ದದ್ದು ಹಳೆಯ ಫೈಲುಗಳಲ್ಲಿ. ನುಡಿಯಲ್ಲಿ ಆಸ್ಕಿ ಫಾಂಟ್ ಬಳಸಿ ಟೈಪಿಸಿದ ಫೈಲಿನೊಳಗೆ ಇರುವುದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. ಆ ಫಾಂಟುಗಳನ್ನು ಮಿಂಟ್‌ಗೆ ಹಾಕಿದಾಗ ಓದಲು ಬಂದವು, ತಿದ್ದಲು ಆಗಲಿಲ್ಲ, ಏಕೆಂದರೆ ಹೊಸ ಟೈಪಿಂಗ್ ಕನ್ನಡ ಅಕ್ಷರವನ್ನು ಕನ್ನಡವೆಂದೇ ಉಳಿಸುವ ಯೂನಿಕೋಡ್‌ನಲ್ಲಿ. ಅಪ್ಪನ ಎಷ್ಟೋ ವರ್ಷದ ಬರಹ ಅದರಲ್ಲಿದೆ. ಆ ಕಾರಣಕ್ಕೇ ವಿಂಡೋಸ್ ತೆಗೆಯಲಿಲ್ಲ. ಹೊಸ ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕಿನ ಕೇಬಲ್ ಕಳಚಿಟ್ಟು, ಎಸ್‌ಎಸ್‌ಡಿಗೆ ಮಿಂಟ್ ಹಾಕಿದೆ. ಆಮೇಲೆ ಕೇಬಲ್ ಮತ್ತೆ ಸಿಕ್ಕಿಸಿದೆ. ಸುಮ್ಮನೆ ಆನ್ ಮಾಡಿದರೆ ಮಿಂಟ್, ಬೇಕೆಂದಾಗ ಬೂಟ್ ಮೆನುವಿನಿಂದ ವಿಂಡೋಸ್ 10. ಎಸ್‌ಎಸ್‌ಡಿ ಒಂದರಿಂದಲೇ ಡೆಸ್ಕ್‌ಟಾಪ್ ಎಷ್ಟು ಚುರುಕಾಯಿತೆಂದರೆ, ಯಂತ್ರ ಹಳತಾಯಿತು ಎಂದು ನಾವು ಅಂದುಕೊಂಡಿದ್ದು ಬಹುಪಾಲು ಹಾರ್ಡ್‌ಡಿಸ್ಕಿನ ನಿಧಾನವೇ.

ಈಗ ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ಬದಲಿಸುತ್ತಿದ್ದೇವೆ. ಪಠ್ಯವಷ್ಟನ್ನೇ ಕೊಟ್ಟರೆ ನಡುವೆ ಬರುವ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ಕನ್ನಡದ ಸಂಕೇತವೆಂದೇ ಓದಿ ಕೆಡಿಸುತ್ತದೆ, ಅದಕ್ಕೆ ಪ್ರತಿಯೊಂದನ್ನೂ ಅಪ್ಪ ಮೂಲದ ಜೊತೆ ಇಟ್ಟು ಓದುತ್ತಾರೆ. 2026ರ ಅಕ್ಟೋಬರ್‌ನೊಳಗೆ ಇದು ಮುಗಿಯಬೇಕು. ಆಮೇಲೆ ವಿಂಡೋಸ್ 10ಕ್ಕೆ ನೆಟ್ ಕೊಡುವುದಿಲ್ಲ. ಯಾವುದಾದರೂ ಹಳೆಯ ಫೈಲಿನ ಬಗ್ಗೆ ಅನುಮಾನ ಬಂದರೆ ತೆರೆದು ನೋಡಲು ಆ ಡಿಸ್ಕ್ ಅಲ್ಲೇ ಇರುತ್ತದೆ.