ಆಪ್-ಆಂಪ್ ಸರ್ಕ್ಯೂಟನ್ನು ನಾನು ಓದುವ ಬಗೆ

ಸಾಗರದಲ್ಲಿ ನನ್ನ ರಿಪೇರಿ ಕೆಲಸ. ಮೈಕ್‌ಸೆಟ್ ಆಂಪ್ಲಿಫೈಯರ್, ಚಾರ್ಜರ್, ಪವರ್ ಸಪ್ಲೈ ಜಾಸ್ತಿ ಬರುತ್ತವೆ. ಡಯಾಗ್ರಾಮ್ ಸಿಗುವುದು ಅಪರೂಪ, ಬೋರ್ಡ್ ನೋಡಿ ನಾನೇ ಬರೆದುಕೊಳ್ಳುತ್ತೇನೆ. ಇವುಗಳಲ್ಲಿ ಆಪ್-ಆಂಪ್ ಎಂಬ ಐಸಿ ಇರುತ್ತದೆ: ಪ್ಲಸ್, ಮೈನಸ್ ಎಂಬ ಎರಡು ಇನ್‌ಪುಟ್ ಪಿನ್‌ಗಳ ವೋಲ್ಟೇಜ್ ವ್ಯತ್ಯಾಸವನ್ನು ಬಹಳ ದೊಡ್ಡದು ಮಾಡಿ ಔಟ್‌ಪುಟ್ ಪಿನ್‌ಗೆ ಕೊಡುವ ಚಿಪ್. ಬರೆದ ಮೇಲೆ ಮೊದಲು ಹುಡುಕುವುದು ಫೀಡ್‌ಬ್ಯಾಕನ್ನು, ಅಂದರೆ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯನ್ನು. ಆಪ್-ಆಂಪ್‌ನಿಂದ ಹೊರಟದ್ದು ಎಲ್ಲೆಲ್ಲಿ ಸುತ್ತಿ, ಯಾವ ಪಿನ್‌ಗೆ ವಾಪಸ್ ಬರುತ್ತದೆ?

ದಾರಿಯಲ್ಲಿ ಟ್ರಾನ್ಸಿಸ್ಟರ್ ಇದ್ದರೆ ಅದರ ಮೂರು ಕಾಲುಗಳನ್ನು (ಬೇಸ್, ಎಮಿಟರ್, ಕಲೆಕ್ಟರ್) ಹುಷಾರಾಗಿ ನೋಡಬೇಕು. ಬೇಸ್‌ಗೆ ಕೊಟ್ಟು ಎಮಿಟರ್‌ನಿಂದ ತೆಗೆದರೆ ಸಿಗ್ನಲ್ ತಲೆಕೆಳಗಾಗುವುದಿಲ್ಲ. ಕಲೆಕ್ಟರ್‌ನಿಂದ ತೆಗೆದರೆ ಆಗುತ್ತದೆ. ಆಗ ಪ್ಲಸ್ ಪಿನ್‌ಗೆ ಬಂದ ಫೀಡ್‌ಬ್ಯಾಕೇ ನೆಗೆಟಿವ್, ಅಂದರೆ ಔಟ್‌ಪುಟ್‌ನ ಏರುಪೇರನ್ನು ತಗ್ಗಿಸುವಂಥದ್ದು! ಪಿನ್‌ನ ಗುರುತು ನೋಡಿ ಸುಮ್ನೆ ತೀರ್ಮಾನ ಮಾಡಬಾರದು.

ಒಂದು ಪವರ್ ಸಪ್ಲೈ ತೆಗೆದುಕೊಳ್ಳಿ. ಸ್ಥಿರ ವೋಲ್ಟೇಜ್ ಕೊಡುವ ಟಿಎಲ್ 431ರ 2.5 ವೋಲ್ಟ್, ಎಲ್‌ಎಂ 358 ಎಂಬ ಆಪ್-ಆಂಪ್‌ನ ಪ್ಲಸ್ ಪಿನ್‌ಗೆ ಹೋಗುತ್ತದೆ. ಅದರ ಔಟ್‌ಪುಟ್ ಬಿಡಿ 139 ಟ್ರಾನ್ಸಿಸ್ಟರ್‌ನ ಬೇಸ್‌ಗೆ, ಆ ಟ್ರಾನ್ಸಿಸ್ಟರ್‌ನ ಎಮಿಟರ್ ಇನ್ನೊಂದು ದೊಡ್ಡ ಟ್ರಾನ್ಸಿಸ್ಟರ್ 2ಎನ್ 3055ರ ಬೇಸ್‌ಗೆ. ಕೊನೆಯ ಎಮಿಟರೇ ಪವರ್ ಸಪ್ಲೈಯ ಔಟ್‌ಪುಟ್. ಅಲ್ಲಿಂದ 30 ಕಿಲೋ ಓಮ್ ರೆಸಿಸ್ಟರ್ ಮೈನಸ್ ಪಿನ್‌ಗೆ, ಮೈನಸ್ ಪಿನ್‌ನಿಂದ 10 ಕಿಲೋ ಓಮ್ ರೆಸಿಸ್ಟರ್ ಗ್ರೌಂಡ್‌ಗೆ.

ಈ ಫೀಡ್‌ಬ್ಯಾಕ್ ಸುತ್ತು, ಅಂದರೆ ಲೂಪ್, ಸರಿ ಇದ್ದರೆ ಆಪ್-ಆಂಪ್ ಎರಡು ಇನ್‌ಪುಟ್ ಪಿನ್‌ಗಳನ್ನು ಸಮ ಮಾಡುತ್ತದೆ, ಹಾಗಾಗಿ ಮೈನಸ್ ಪಿನ್‌ನಲ್ಲೂ 2.5 ವೋಲ್ಟ್ ಇರಬೇಕು. ಅಂದರೆ 10 ಕಿಲೋದಲ್ಲಿ 0.25 ಮಿಲಿಆಂಪ್. ಪಿನ್ ಒಳಗೆ ಕರೆಂಟ್ ಹೋಗುವುದಿಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ 30 ಕಿಲೋದಲ್ಲೂ ಅಷ್ಟೇ, ಅಲ್ಲಿ 7.5 ವೋಲ್ಟ್. ಒಟ್ಟು 10 ವೋಲ್ಟ್. ಈ ಲೆಕ್ಕದಲ್ಲಿ ಟ್ರಾನ್ಸಿಸ್ಟರ್ ಬರಲೇ ಇಲ್ಲ ಅಲ್ವಾ? ಎರಡು ಬೇಸ್-ಎಮಿಟರ್‌ಗಳಲ್ಲಿ ಇಳಿಯುವ ಸುಮಾರು 1.4 ವೋಲ್ಟನ್ನು ಆಪ್-ಆಂಪೇ ತುಂಬಿಕೊಡುತ್ತದೆ. ಅದರ ಔಟ್‌ಪುಟ್ ಪಿನ್ 11.4ರ ಆಸುಪಾಸಿನಲ್ಲಿರುತ್ತದೆ. ಈ ಜಾಣ್ಮೆ ನನಗೆ ಇವತ್ತಿಗೂ ಬಹಳ ಇಷ್ಟ.

ಆದರೆ ಎಲ್‌ಎಂ 358ರ ಔಟ್‌ಪುಟ್ ಅದಕ್ಕೆ ಸಿಗುವ ಸಪ್ಲೈಗಿಂತ ಸುಮಾರು 1.5 ವೋಲ್ಟ್ ಕೆಳಗೇ ನಿಲ್ಲುತ್ತದೆ. ಹಾಗಾಗಿ ಅದಕ್ಕೆ 13 ವೋಲ್ಟಾದರೂ ಬೇಕು. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ಲೋ ವೋಲ್ಟೇಜ್ ಬಂದಾಗ ಲೂಪ್ ಸೋಲುವುದು ಇಲ್ಲೇ. ವೋಲ್ಟೇಜಿನ ಏರಿಳಿತ ತೋರಿಸುವ ಸ್ಕೋಪ್‌ನಲ್ಲಿ ನೋಡಿದರೆ ಸೆಕೆಂಡಿಗೆ 100 ಸಲ ಔಟ್‌ಪುಟ್ ಕುಸಿದು ಏಳುತ್ತಿರುತ್ತದೆ. ಐಸಿ ಬದಲಿಸಿ ಪ್ರಯೋಜನವಿಲ್ಲ.

ಎರಡು ಇನ್‌ಪುಟ್ ಪಿನ್‌ಗಳ ವೋಲ್ಟೇಜ್ ಹೊಂದದಿದ್ದರೆ ಔಟ್‌ಪುಟ್ ಪಿನ್ ಅಳೆಯುತ್ತೇನೆ. ಪ್ಲಸ್ ಜಾಸ್ತಿ ಇದ್ದು, ಔಟ್‌ಪುಟ್ ಪೂರ್ತಿ ಮೇಲಿದ್ದರೆ ಆಪ್-ಆಂಪ್ ತನ್ನ ಕೆಲಸ ಮಾಡುತ್ತಿದೆ. ತೊಂದರೆ ಸಪ್ಲೈಯಲ್ಲೋ, ಮುಂದಿನ ಟ್ರಾನ್ಸಿಸ್ಟರ್‌ನಲ್ಲೋ ಇದೆ, ಇಲ್ಲವೇ ಕರೆಂಟ್ ಲಿಮಿಟ್ ಮಾಡುವ ಪುಟ್ಟ ಟ್ರಾನ್ಸಿಸ್ಟರ್ ಬೇಸ್ ಕರೆಂಟನ್ನು ಎಳೆದುಕೊಳ್ಳುತ್ತಿದೆ. ಪ್ಲಸ್ ಜಾಸ್ತಿ ಇದ್ದೂ ಔಟ್‌ಪುಟ್ ಕೆಳಗೇ ಇದ್ದರೆ ಐಸಿ ಮೇಲೆ ಅನುಮಾನ. ಅದಕ್ಕೂ ಮೊದಲು ಆ ಪಿನ್ನನ್ನು ಹೊರಗಿನಿಂದ ಯಾರೂ ಗ್ರೌಂಡ್‌ಗೆ ಎಳೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕಾಟ. ಬೋರ್ಡ್ ಮೇಲೆ ಸೋಲ್ಡರಿಂಗ್‌ನಿಂದ ಉಳಿದ ಫ್ಲಕ್ಸ್ ಮೇಲೆ ತೇವ ಕೂತು, ಬೂಷ್ಟು ಹಿಡಿದು, ಟ್ರ್ಯಾಕ್‌ಗಳ (ತಾಮ್ರದ ಗೆರೆಗಳ) ನಡುವೆ ಕರೆಂಟ್ ಸೋರುತ್ತದೆ. ಮೆಗಾ ಓಮ್ ರೆಸಿಸ್ಟರ್ ಇರುವ ಕಡೆ ಇದು ಲೆಕ್ಕವನ್ನೇ ಕೆಡಿಸುತ್ತದೆ. ಅಂಥ ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ, ಮತ್ತೆ ಅಳೆಯುತ್ತೇನೆ. ಆಮೇಲೂ ಪಿನ್‌ಗಳು ಹೊಂದದಿದ್ದರೆ ಮಾತ್ರ ಸೋಲ್ಡರಿಂಗ್ ಐರನ್ ಕಾಯಿಸುತ್ತೇನೆ.