ವಯಸ್ಸಾದ್ಮೇಲೆ ಲೂಥರನ್ ಪಾಸ್ಟರ್ ಆಗ್ಬೇಕು ಅನ್ಸಿದ್ರೆ ಏನ್ ಮಾಡ್ಬೇಕು

ಲೂಥರನ್ ಅಂದ್ರೆ ಮಾರ್ಟಿನ್ ಲೂಥರ್ ಶುರುಮಾಡಿದ ಪ್ರಾಟೆಸ್ಟೆಂಟ್ ಪಂಗಡ, ಪಾಸ್ಟರ್ ಅಂದ್ರೆ ಅದರ ಸಭೆ, ಅಂದ್ರೆ ಒಂದು ಚರ್ಚ್‌ಗೆ ಸೇರಿದ ಜನರನ್ನ, ನಡೆಸೋ ಬೋಧಕ. ಮೊದ್ಲು ಒಂದ್ ಮಾತು, ರಾಜೀನಾಮೆ ಪತ್ರ ಬರೀಬೇಡಿ. ನಾನೂ ಒಂದು ಟೈಪ್ ಮಾಡಿ ಇಟ್ಕೊಂಡಿದ್ದೆ, ಪುಣ್ಯಕ್ಕೆ ಕಳಿಸ್ಲಿಲ್ಲ, ಯಾಕಂದ್ರೆ ಅವತ್ತಿಂದ ಸಭೆ ಮುಂದೆ ಪಾಸ್ಟರ್ ಆಗಿ ನಿಲ್ಲೋಕೆ ಐದು ವರ್ಷಕ್ಕಿಂತ ಜಾಸ್ತಿನೇ ಹಿಡೀತು, ಅಷ್ಟು ದಿನ ಮನೆ ನಡೀಬೇಕಲ್ಲ.

ಎಲ್ಲರೂ ನಿಮಗೆ ಬೈಬಲ್‌ನ ಮೋಶೆ ಕಥೆ ಹೇಳ್ತಾರೆ, ಈಜಿಪ್ಟ್ ರಾಜ ಫರೋಹನ ಮುಂದೆ ನಿಂತಾಗ ಅವನಿಗೆ 80 ವರ್ಷ ಅಂತ. ಸರಿ, ಆದ್ರೆ ಮೋಶೆಗೆ ನಮ್ಮ ಹಾಗೆ ಹೊಸ ಒಡಂಬಡಿಕೆ ಓದೋಕೆ ಗ್ರೀಕ್ ಪರೀಕ್ಷೆ ಇರ್ಲಿಲ್ಲ. ನಂಗೆ ಇನ್ನೂ ಧೈರ್ಯ ಕೊಟ್ಟಿದ್ದು ಬೇರೆ ವಿಷ್ಯ. ಲೂಥರ್ ಇದ್ದ ಜರ್ಮನಿಯ ವಿಟ್ಟೆನ್‌ಬರ್ಗ್‌ನಲ್ಲಿ 1537ರಿಂದ ದೀಕ್ಷೆ (ಪಾಸ್ಟರ್ ಪದವಿಗೆ ನೇಮಕ) ಪಡೆದವರ ಹೆಸರು ಬರೆದಿಟ್ಟ ಒಂದು ದಾಖಲೆ ಪುಸ್ತಕ ಇದೆ, ಅದರಲ್ಲಿ ಯೂನಿವರ್ಸಿಟಿ ಓದಿದವರ ಜೊತೆಗೆ ಅಚ್ಚುಕೂಟದಲ್ಲಿ ಕೆಲಸ ಮಾಡ್ತಿದ್ದವರು, ಬಟ್ಟೆ ನೇಯೋರು, ಸ್ಕೂಲ್ ಮೇಷ್ಟ್ರುಗಳು ಎಲ್ಲಾ ಸಿಗ್ತಾರೆ. ಬೇರೆ ಕೆಲಸದಿಂದ ಬರೋದು ಲೂಥರನ್ ಸಭೆಗೆ ಹೊಸದಲ್ಲ.

ಇನ್ನು ಕರೆ ಅಂದ್ರೆ ಏನು ಅನ್ನೋದು. ಇಲ್ಲೇ ಜಾಸ್ತಿ ಜನ ಎಡವೋದು. ರಾತ್ರಿ ಪ್ರಾರ್ಥನೆ ಮಾಡ್ವಾಗ ಮನಸ್ಸಿಗೆ ಬಂತು, ಕಣ್ಣೀರು ಬಂತು, ಅದು ಒಳಗಿನ ಕರೆ, ಅದನ್ನ ಯಾರೂ ಹಗುರವಾಗಿ ತಗೋಳಲ್ಲ. ಆದ್ರೆ ಲೂಥರನ್ನರ ಮೂಲ ನಂಬಿಕೆಯ ದಾಖಲೆಯಾದ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 14ನೇ ವಿಧಿ ಪ್ರಕಾರ ಕ್ರಮವಾಗಿ ಕರೆ ಸಿಗದೆ ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧನೆ ಮಾಡೋ ಹಾಗಿಲ್ಲ, ಸಂಸ್ಕಾರಗಳನ್ನ (ದೀಕ್ಷಾಸ್ನಾನ, ಪ್ರಭುಭೋಜನ) ನಡೆಸೋ ಹಾಗಿಲ್ಲ. ಅಂದ್ರೆ ಹೊರಗಿಂದ ಸಭೆ ಕರೀಬೇಕು. ನಿಮ್ಮ ಒಳಗಿನ ಧ್ವನಿ ನಿಜಾನಾ ಸುಳ್ಳಾ ಅಂತ ತೀರ್ಮಾನ ಮಾಡೋ ಭಾರ ನಿಮ್ಮೊಬ್ಬರ ತಲೆ ಮೇಲಿಲ್ಲ, ಇದು ನಂಗೆ ಮೊದ್ಲು ಅವಮಾನ ಅನ್ಸಿತ್ತು, ಆಮೇಲೆ ದೊಡ್ಡ ನೆಮ್ಮದಿ ಅನ್ಸ್ತು.

ಇನ್ನೊಂದು, ಪಾಸ್ಟರ್ ಆಗೋದು ಪ್ರಮೋಷನ್ ಅಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಎಲ್ಲರೂ ಯಾಜಕರೇ ಅಂತ ಲೂಥರ್ 1520ರಲ್ಲೇ ಬರೆದ್ರು, ಚಮ್ಮಾರ ಕಮ್ಮಾರ ಎಲ್ಲರ ಕೆಲಸಾನೂ ದೇವರ ಸೇವೇನೇ. ಆದ್ದರಿಂದ "ಇಷ್ಟು ವರ್ಷ ವೇಸ್ಟ್ ಮಾಡ್ದೆ, ಈಗ್ಲಾದ್ರೂ ದೇವರ ಕೆಲಸ ಮಾಡ್ತೀನಿ" ಅಂತ ಇಂಟರ್‌ವ್ಯೂನಲ್ಲಿ ಹೇಳಿದ್ರೆ ಅಭ್ಯರ್ಥಿಗಳನ್ನ ಪರಿಶೀಲಿಸೋ ಚರ್ಚ್ ಕಮಿಟಿಯವರು ಪೆನ್ ಕೆಳಗಿಟ್ಟು ನಿಮ್ಮ ಮುಖ ನೋಡ್ತಾರೆ. ಆಫೀಸ್ ಬೇಜಾರಾಗಿ ಬರ್ತಿದ್ದೀರಾ, ಯಾರೋ ತೀರಿಕೊಂಡ ದುಃಖದಲ್ಲಿ ಬರ್ತಿದ್ದೀರಾ, ನಿಜ ಹೇಳ್ಕೊಳ್ಳಿ. ಅದು ತಪ್ಪಲ್ಲ, ಆದ್ರೆ ಒಂದ್ ವರ್ಷ ಕಾದ್ರೆ ಗೊತ್ತಾಗುತ್ತೆ.

ಆ ವರ್ಷದಲ್ಲಿ ನಿಮ್ಮ ಪಾಸ್ಟರ್ ಹತ್ರ ಹೋಗಿ ವಿಷ್ಯ ಹೇಳಿ, ಅದಕ್ಕೂ ಮೊದ್ಲು ಮನೆಯಲ್ಲಿ ಹೇಳಿ (ಹೆಂಡತಿಗೋ ಗಂಡನಿಗೋ ಕಮಿಟಿ ಲೆಟರ್ ಬಂದ್ಮೇಲೆ ಗೊತ್ತಾದ್ರೆ ಮುಗೀತು ಕಥೆ). ಆಮೇಲೆ ಕೆಲಸ ಕೇಳಿ. ಪ್ರಸಂಗ ಮಾಡೋದು ಎಲ್ಲರಿಗೂ ಇಷ್ಟ, ಅದನ್ನ ನೋಡಿ ನಿರ್ಧಾರ ಮಾಡ್ಬೇಡಿ. ಹಾಸಿಗೆ ಹಿಡಿದವರನ್ನ ನೋಡೋಕೆ ಹೋಗಿ, ಹದಿಮೂರು ವರ್ಷದ ಮಕ್ಕಳಿಗೆ ಲೂಥರನ ಚಿಕ್ಕ ಕ್ಯಾಟೆಕಿಸಂ (ನಂಬಿಕೆಯ ಪ್ರಶ್ನೋತ್ತರ ಪುಸ್ತಕ) ಕಲಿಸಿ, ಬಜೆಟ್ ಮೀಟಿಂಗ್‌ನಲ್ಲಿ ಸೋರ್ತಿರೋ ಛಾವಣಿ ಬಗ್ಗೆ ಎರಡು ಗಂಟೆ ಕೂತ್ಕೊಳ್ಳಿ. ಇಷ್ಟೆಲ್ಲಾ ಆದ್ಮೇಲೂ ಆಸೆ ಹೋಗಿಲ್ಲ ಅಂದ್ರೆ ಮುಂದಕ್ಕೆ ಹೋಗ್ಬಹುದು.

ಮುಂದಿನ ದಾರಿ ನಿಮ್ಮ ಚರ್ಚ್ ಯಾವ್ದು ಅನ್ನೋದರ ಮೇಲಿದೆ. ಎಲ್ಲಾ ಲೂಥರನ್ನರೂ ಒಂದೇ ಅಲ್ಲ. ಅಮೆರಿಕದ್ದೇ ತಗೊಳ್ಳಿ, ಅಲ್ಲಿ ದೊಡ್ಡವು ಎರಡು. ಇಎಲ್‌ಸಿಎ (ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ) ಅನ್ನೋದ್ರಲ್ಲಿ ಮೂರು ಹಂತ ಇದೆ, ಎಂಟ್ರನ್ಸ್ (ಪ್ರವೇಶ), ಎಂಡಾರ್ಸ್‌ಮೆಂಟ್ (ಮಧ್ಯದ ಒಪ್ಪಿಗೆ), ಅಪ್ರೂವಲ್ (ಕೊನೆಯ ಒಪ್ಪಿಗೆ), ಮಧ್ಯೆ ಮಾನಸಿಕ ಪರೀಕ್ಷೆ, ಹಿನ್ನೆಲೆ ತಪಾಸಣೆ, ಉದ್ದುದ್ದ ಪ್ರಬಂಧಗಳು. ಇನ್ನೊಂದಾದ ಮಿಸೌರಿ ಸಿನಾಡ್‌ನಲ್ಲಿ ಹೆಂಗಸರಿಗೆ ಪಾಸ್ಟರ್ ಪದವಿ ಇಲ್ಲ, 1988ರಲ್ಲಿ ಒಂದಾಗಿ ಇಎಲ್‌ಸಿಎ ಆದ ಚರ್ಚ್‌ಗಳಲ್ಲಿ ಎರಡು ದೊಡ್ಡವು 1970ರಲ್ಲೇ ಹೆಂಗಸರಿಗೆ ಆ ಪದವಿ ಕೊಟ್ಟಿದ್ವು. ಮಹಿಳೆಯರು ಇದನ್ನ ಮೊದಲ ದಿನವೇ ವಿಚಾರಿಸ್ಕೊಳ್ಳಿ, ಮೂರ್ನಾಲ್ಕು ವರ್ಷ ಓದಿದ್ಮೇಲೆ ಅಲ್ಲ.

ಓದು ಅಂದ್ರೆ ಸಾಮಾನ್ಯವಾಗಿ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ ಡಿಗ್ರಿ), ಮೂರು ವರ್ಷ ಕ್ಲಾಸು, ಒಂದು ವರ್ಷ ಯಾವುದಾದ್ರೂ ಸಭೆಯಲ್ಲಿ ಇಂಟರ್ನ್‌ಶಿಪ್, ಅದಕ್ಕೇ ವಿಕಾರೇಜ್ ಅಂತಾನೂ ಹೇಳ್ತಾರೆ. ಮನೆ ಬಿಟ್ಟು ಹೋಗೋಕಾಗದ ದೊಡ್ಡ ವಯಸ್ಸಿನವರಿಗೆ ಬೇರೆ ದಾರಿನೂ ಇದೆ, ಇಎಲ್‌ಸಿಎನಲ್ಲಿ ಟೀಮ್ (TEEM) ಅನ್ನೋ ಪ್ರೋಗ್ರಾಂ, ಮಿಸೌರಿಯಲ್ಲಿ ಎಸ್‌ಎಂಪಿ (ಸ್ಪೆಸಿಫಿಕ್ ಮಿನಿಸ್ಟ್ರಿ ಪಾಸ್ಟರ್), ಎರಡರಲ್ಲೂ ಸೇವೆ ಮಾಡ್ತಾನೇ ಓದೋದು. ಆದ್ರೆ ಶಾರ್ಟ್‌ಕಟ್ ಅಂದ್ಕೊಂಡು ಹೋಗ್ಬೇಡಿ, ಎಸ್‌ಎಂಪಿ ಮುಗಿಸಿದವರು ಬೇರೊಬ್ಬ ಪಾಸ್ಟರ್ ಮೇಲ್ವಿಚಾರಣೆಯಲ್ಲೇ ಇರ್ಬೇಕಾಗುತ್ತೆ.

ಗ್ರೀಕ್ ಬಗ್ಗೆ ಭಯ ಬೇಡ ಅಂತ ಹೇಳಲ್ಲ. ಐವತ್ತರಲ್ಲಿ ಬಾಯಿಪಾಠ ಹತ್ತಲ್ಲ, ನಾನು ಕ್ರಿಯಾಪದಗಳನ್ನ ಚೀಟಿ ಮಾಡಿ ಬಾತ್‌ರೂಮ್ ಕನ್ನಡಿಗೆ ಅಂಟಿಸ್ತಿದ್ದೆ. ಸೆಮಿನರಿ (ಪಾಸ್ಟರ್ ತರಬೇತಿ ಕಾಲೇಜು) ಶುರುವಾಗೋಕೆ ಆರು ತಿಂಗಳು ಮುಂಚೆ ಅಕ್ಷರಮಾಲೆ ಕಲ್ತಿಟ್ಕೊಳ್ಳಿ, ತುಂಬಾ ಅನುಕೂಲ. ನಿಜವಾಗ್ಲೂ ಕಷ್ಟ ಆಗಿದ್ದು ಆಸ್ಪತ್ರೆ ತರಬೇತಿ, ಸಿಪಿಇ (ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್) ಅಂತಾರೆ, ಒಂದು ಯೂನಿಟ್‌ಗೆ ಕನಿಷ್ಠ 400 ಗಂಟೆ. ರೋಗಿ ಜೊತೆ ಆಡಿದ ಮಾತನ್ನೆಲ್ಲಾ ನೆನಪು ಮಾಡಿ ಬರೆದು ಗುಂಪಿನಲ್ಲಿ ಓದ್ಬೇಕು, ಎಲ್ಲರೂ ಅದನ್ನ ಬಿಡಿಸಿ ಬಿಡಿಸಿ ನೋಡ್ತಾರೆ. ಇಪ್ಪತ್ತು ವರ್ಷ ಬೇರೆಯವರಿಗೆ ಆರ್ಡರ್ ಮಾಡಿ ಅಭ್ಯಾಸ ಇದ್ದ ನಾನು ಒಬ್ಬ ಸಾಯ್ತಿರೋ ಮನುಷ್ಯನ ಪಕ್ಕದಲ್ಲೂ ಪರಿಹಾರ ಹೇಳ್ತಾ ಕೂತಿದ್ದೆ, ಅದನ್ನ ತೋರಿಸಿಕೊಟ್ಟವಳು ನನ್ನ ಮಗಳಷ್ಟು ವಯಸ್ಸಿನ ಸೂಪರ್‌ವೈಸರ್. ಅನುಭವ ಇದೆ ಅಂತ ಬರೋರಿಗೆ ಅನುಭವಾನೇ ಅಡ್ಡ ಬರುತ್ತೆ. ಬಾಯಿ ಮುಚ್ಕೊಂಡು ಕೂರೋದನ್ನ ಪ್ರಾಕ್ಟೀಸ್ ಮಾಡಿ.

ದುಡ್ಡಿನ ಲೆಕ್ಕ ಹಾಕ್ವಾಗ ಫೀಸ್ ಒಂದನ್ನೇ ನೋಡ್ಬೇಡಿ, ಇಂಟರ್ನ್‌ಶಿಪ್ ವರ್ಷ ಬೇರೆ ಊರಾದ್ರೆ ಎರಡು ಮನೆ ಖರ್ಚು, ಪಿಂಚಣಿಗೆ ಕಟ್ಟೋದು ನಿಂತ್ಹೋಗುತ್ತೆ, ಆಮೇಲೆ ಸಿಗೋ ಸಂಬಳ ಈಗಿನದಕ್ಕಿಂತ ಕಮ್ಮಿ ಇರೋ ಸಾಧ್ಯತೆನೇ ಹೆಚ್ಚು. ಸಾಲ ಮಾಡಿ ಓದಿದ್ರೆ ತೀರಿಸೋಕೆ ನಿಮಗೆ ಯುವಕರಷ್ಟು ವರ್ಷ ಇರಲ್ಲ. ಸ್ಕಾಲರ್‌ಶಿಪ್‌ಗೆ ವಯಸ್ಸಾಯ್ತು ಅಂತ ನಾಚ್ಕೊಳ್ದೆ ಕೇಳಿ.

ಮಧ್ಯದಲ್ಲಿ ಕಮಿಟಿ ಬೇಡ ಅನ್ನಬಹುದು, ಇಲ್ಲಾ "ಡೀಕನ್ ಸೇವೆ ಬಗ್ಗೆ ಯೋಚಿಸಿದ್ದೀರಾ" ಅಂತ ಕೇಳಬಹುದು. ಡೀಕನ್ ಅಂದ್ರೆ ಜನಸೇವೆಗೆ ಅಂತ ಚರ್ಚ್ ನೇಮಿಸೋರು. ಇದನ್ನ ಸಮಾಧಾನ ಬಹುಮಾನ ಅಂದ್ಕೋಬೇಡಿ, ಜೈಲು, ಆಸ್ಪತ್ರೆ, ನಿರಾಶ್ರಿತರ ಮಧ್ಯೆ ಕೆಲಸ ಮಾಡೋಕೆ ಕೆಲವರಿಗೆ ಅದೇ ಸರಿಯಾದ ಜಾಗ.

ಎಲ್ಲಾ ಪಾಸಾದ್ರೂ ಪಾಸ್ಟರ್ ಆಗಿಬಿಟ್ರಿ ಅಂತಲ್ಲ. ಇಎಲ್‌ಸಿಎನಲ್ಲಿ ಒಂದು ಸಭೆ ನಿಮ್ಮನ್ನ ಕರೀಬೇಕಂದ್ರೆ ಹಾಜರಿದ್ದು ವೋಟ್ ಹಾಕೋರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ಕರೆ ಪತ್ರ ಕೈಗೆ ಬಂದು ನೀವು ಒಪ್ಪಿದ್ಮೇಲೇ ದೀಕ್ಷೆ. ಈ ಕಾಯೋ ಟೈಮ್ ತಿಂಗಳುಗಟ್ಟಲೆ ಎಳೆಯುತ್ತೆ, ಹಾಗಾಗಿ ಕೋರ್ಸ್ ಮುಗೀತು ಅಂತ ನೆಂಟರಿಗೆಲ್ಲಾ ತಾರೀಕು ಹೇಳಿ ಟಿಕೆಟ್ ಮಾಡಿಸ್ಬೇಡಿ. ನಾನು ಎರಡು ಸಲ ಕ್ಯಾನ್ಸಲ್ ಮಾಡಿಸ್ದೆ, ನಮ್ಮ ಅಕ್ಕ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ.